ವೈದ್ಯರ ಮಾತು ಮತ್ತು ಒಂದು ತಂಬಿಗೆ ನೀರು

ವೈದ್ಯ ವಿದ್ಯಾರ್ಥಿಗಳಿಗೆ ರೋಗಿಯೊಡನೆ ಮಾತನಾಡುವುದನ್ನು ಕಲಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ‘ಏಟ್‌ಕಾಮ್’ ಎಂಬ ಕೈಪಿಡಿಯನ್ನು ಹೊರತಂದಿತು. ಮನೋಭಾವ, ನೀತಿ ಮತ್ತು ಸಂವಹನ ಇದರ ವಿಷಯಗಳು. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಇದು ಪಠ್ಯಕ್ರಮದ ಅಂಗವಾಯಿತು. ತಾಳ್ಮೆ, ಗೌರವ, ಸಹಾನುಭೂತಿಗಳನ್ನೂ ಕಲಿಸಬಹುದು, ಪರೀಕ್ಷಿಸಬಹುದು ಎಂದು ಒಪ್ಪಿಕೊಂಡದ್ದು ಈ ಕೈಪಿಡಿಯ ದೊಡ್ಡ ಗುಣ. ಸ್ಥಳೀಯ ಭಾಷೆಯ ಕಲಿಕೆಗೂ ಪಠ್ಯಕ್ರಮದ ಆರಂಭದಲ್ಲಿ ಸ್ಥಾನವಿದೆ.

ಆದರೂ ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಒಂದು ಕೊರತೆ ಕಾಣುತ್ತದೆ. ಇಲ್ಲಿ ಮೌಲ್ಯಮಾಪನ ನಡೆಯುವುದು ಬಹುಮಟ್ಟಿಗೆ ವಿದ್ಯಾರ್ಥಿಯ ಮಾತಿಗೆ. ಆ ಮಾತು ರೋಗಿಯ ಮನೆಗೆ ಯಾವ ರೂಪದಲ್ಲಿ ತಲುಪಿತು ಎಂಬುದರ ಅಳತೆ ಎಲ್ಲಿದೆ?

ಒಂದು ಚಿಂತನ ಪ್ರಯೋಗ ಮಾಡೋಣ. ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ತಾಯಿಯೊಬ್ಬಳು ‘ಕೂಸಿಗೆ ವಾಂತಿಭೇದಿ ಆಗಾಕತ್ತೇತ್ರಿ’ ಎಂದು ಆಸ್ಪತ್ರೆಗೆ ಬರುತ್ತಾಳೆ. ವಿದ್ಯಾರ್ಥಿ ಓಆರ್‌ಎಸ್ ಪೊಟ್ಟಣ ಕೊಟ್ಟು, ‘ಒಂದು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಸಿ’ ಎಂದು ನಗುಮುಖದಿಂದಲೇ ಹೇಳುತ್ತಾನೆ. ತಾಯಿ ತಲೆಯಾಡಿಸುತ್ತಾಳೆ. ಮನೆಯಲ್ಲಿರುವುದು ತಂಬಿಗೆ. ಅದು ಅರ್ಧ ಲೀಟರಿನದಾದರೆ?

20.5 ಗ್ರಾಂ ಪುಡಿಯನ್ನು ಒಂದು ಲೀಟರಿನಲ್ಲಿ ಕರಗಿಸಿದಾಗ ದ್ರಾವಣದ ಆಸ್ಮೊಲಾರಿಟಿ 245 ಮಿಲಿಆಸ್ಮೋಲ್. ಇದು ರಕ್ತದ್ದಕ್ಕಿಂತ (ಸುಮಾರು 275ರಿಂದ 295) ಕಡಿಮೆ. ಅರ್ಧ ಲೀಟರಿನಲ್ಲಿ ಕರಗಿಸಿದರೆ ಅದು 490 ಆಗುತ್ತದೆ. ಆಗ ಅಭಿಸರಣೆಯಿಂದ ನೀರು ದೇಹದಿಂದ ಕರುಳಿಗೇ ಹರಿಯಬಹುದು. ರಕ್ತದಲ್ಲಿ ಸೋಡಿಯಂ ಅಪಾಯಕರವಾಗಿ ಏರಬಹುದು. ಔಷಧ ಸರಿ, ನಡತೆ ಸರಿ, ವ್ಯಾಕರಣವೂ ಸರಿ. ಆದರೂ ಕೂಸಿಗೆ ಕೇಡು. ಇದಲ್ಲದೆ 200 ಮಿಲಿಲೀಟರಿಗೆ ಕಲಸುವ ಸಣ್ಣ ಪೊಟ್ಟಣಗಳೂ ಇರುವುದರಿಂದ ಗೊಂದಲ ಇನ್ನೂ ಹೆಚ್ಚು.

ಅಧ್ಯಾಪಕರ ಮುಂದೆ ಸಹಪಾಠಿಯೇ ರೋಗಿಯಾಗಿ ನಟಿಸಿದರೆ ಈ ತಪ್ಪು ಹೊರಬೀಳದು. ಲೀಟರ್ ಎಂದರೇನೆಂದು ಸಹಪಾಠಿಗೆ ಗೊತ್ತು. ಭಾಷೆಯ ಪಾಠವೂ ಪುಸ್ತಕದ ಕನ್ನಡಕ್ಕೆ ನಿಂತರೆ ಸಾಲದು. ನಮ್ಮ ಕಡೆ ‘ಬ್ಯಾನಿ’ ಎಂದರೆ ನೋವೂ ಆಗಬಹುದು, ಕಾಯಿಲೆಯೂ ಆಗಬಹುದು, ಹೆರಿಗೆ ನೋವೂ ಆಗಬಹುದು. ಯಾವುದೆಂದು ಕೇಳಿ ತಿಳಿಯುವುದೂ ರೋಗನಿದಾನದ ಭಾಗವೇ.

ಪರಿಹಾರ ದುಬಾರಿಯದಲ್ಲ. ‘ಯವ್ವಾ, ಮನಿಗೆ ಹೋಗಿ ಈ ಪುಡಿ ಹ್ಯಾಂಗ ಕಲಸ್ತೀರಿ? ಒಂದಿಷ್ಟು ಹೇಳ್ರಿ’ ಎಂದು ಕೇಳಿ, ಆಕೆಯ ಉತ್ತರಕ್ಕೆ ಕಾಯುವುದನ್ನು ವಿದ್ಯಾರ್ಥಿ ರೂಢಿಸಿಕೊಳ್ಳಬೇಕು. ಹಾವೇರಿಯಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇಂಥ ಕಾಲೇಜುಗಳು ಸಂವಹನ ಪರೀಕ್ಷೆಗೆ ಹಳ್ಳಿಯ ತಾಯಂದಿರನ್ನೇ ಕರೆಯಲಿ. ಮೇಜಿನ ಮೇಲೆ ಪೊಟ್ಟಣ, ತಂಬಿಗೆ, ನೀರು ಇಡಲಿ. ವಿದ್ಯಾರ್ಥಿಯ ಮಾತು ಕೇಳಿ ಆಕೆ ಕಲಸಿದ ದ್ರಾವಣವನ್ನು ಅಳತೆ ಸಿಲಿಂಡರಿಗೆ ಸುರಿದು ನೋಡಲಿ. ಅಂಕಗಳನ್ನು ಆಮೇಲೆ ಬರೆದುಕೊಳ್ಳಬಹುದು.