ಗೌರವಕ್ಕೆ ಒಂದೇ ಏಣಿಯೆ? ಕೊರಿಯನ್ ಆಡುನುಡಿಯ ವಿವರಣೆಗಳ ವಿಮರ್ಶೆ

ಕೊರಿಯನ್ ಭಾಷೆಯನ್ನು ಪರಿಚಯಿಸುವ ಪಠ್ಯಗಳು ಸಾಮಾನ್ಯವಾಗಿ ಅದರ 6 ಮಾತಿನ ಸ್ತರಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ, ಅದನ್ನೇ ವಿನಯದ ಏಣಿಯೆಂದು ಕರೆಯುತ್ತವೆ. ಈ ಏಣಿಯು ಆಡುನುಡಿಯ ವಾಸ್ತವವನ್ನು ಮರೆಮಾಡುತ್ತದೆ ಎಂಬುದು ನಮ್ಮ ವಾದ.

ಕೊರಿಯನ್‌ ಕ್ರಿಯಾಪದದಲ್ಲಿ ಗೌರವಕ್ಕೆ ಎರಡು ಅಕ್ಷಗಳಿವೆ. ಒಳಗಿನ ‘-ಶಿ-’ ಪ್ರತ್ಯಯ ಕರ್ತೃವಿಗೆ ಸಲ್ಲುತ್ತದೆ. ಕೊನೆಯ ‘-ಯೊ’ ಅಥವಾ ‘-ಸುಮ್‌ನಿದ’ ಕೇಳುಗರಿಗೆ ಸಲ್ಲುತ್ತದೆ. ಗೆಳೆಯನಿಗೆ ಹೇಳುವ ‘ಹಲ್‌ಮೊನಿಗ ಒಶೊಸ್ಸೊ’ (ಅಜ್ಜಿ ಬಂದರು ಕಣೋ) ಎಂಬಲ್ಲಿ ಮೊದಲನೆಯದು ಮಾತ್ರ ಇದೆ. ಹಿರಿಯರಿಗೆ ಹೇಳುವ ‘ಚಿಂಗುಗ ವಸ್ಸೊಯೊ’ (ಗೆಳೆಯ ಬಂದ ಕಣ್ರೀ) ಎಂಬಲ್ಲಿ ಎರಡನೆಯದು ಮಾತ್ರ. ಪಠ್ಯಗಳ ಉದಾಹರಣೆಗಳಲ್ಲಿ ಕೇಳುಗರೇ ಕರ್ತೃವೂ ಆಗಿದ್ದಾಗ ಎರಡು ಅಕ್ಷಗಳು ಕೂಡಿಕೊಂಡು ಒಂದೇ ಎಂಬ ಭ್ರಮೆ ಹುಟ್ಟುತ್ತದೆ.

ಆದ್ದರಿಂದ ಕನ್ನಡದ ಓದುಗರು ‘-ಯೊ’ವನ್ನು ನೀನು–ನೀವು ಭೇದದ ಮೂಲಕ ಗ್ರಹಿಸುವುದು ಸರಿಯಲ್ಲ, ಅದಕ್ಕೆ ಹತ್ತಿರವಾದುದು ನಮ್ಮ ‘-ರೀ’. ಆದರೆ ‘-ರೀ’ಯನ್ನು ಬಿಟ್ಟೂ ಕನ್ನಡ ವಾಕ್ಯ ಪೂರ್ಣಗೊಳ್ಳುತ್ತದೆ. ಕೊರಿಯನ್ನರ ಸಂಭಾಷಣೆಯಲ್ಲಿ ‘ಮಳೆ ಬರುತ್ತಿದೆ’ ಎನ್ನಲೂ ಒಂದು ಸ್ತರವನ್ನು ಆರಿಸಲೇಬೇಕು.

ಬ್ರೌನ್ ಮತ್ತು ಲೆವಿನ್ಸನ್ (1987) ಗೌರವಸೂಚಕಗಳನ್ನು ಕೇಳುಗರ ಮುಖಭಂಗವನ್ನು ತಗ್ಗಿಸುವ ತಂತ್ರವೆಂದು ಪರಿಗಣಿಸಿದರು. ಮಳೆಯ ಸುದ್ದಿಯಲ್ಲಿ ಯಾರ ಮುಖಭಂಗವೂ ಇಲ್ಲ. ಜಪಾನೀ ಭಾಷೆಯನ್ನು ಆಧರಿಸಿ ಇದೆ ಸಚಿಕೊ (1989) ಮುಂದಿಟ್ಟ ವಿವೇಚನೆಯ ಕಲ್ಪನೆ, ಅಂದರೆ ಸಂದರ್ಭವೇ ರೂಪವನ್ನು ನಿರ್ಧರಿಸುತ್ತದೆ ಎಂಬ ನಿಲುವು, ಇಲ್ಲಿ ಹೆಚ್ಚು ಹೊಂದುತ್ತದೆ. ಅದೂ ಸಾಲದು. ಸಲಿಗೆಯ ‘ಪನ್‌ಮಲ್’ನಲ್ಲಿ ಮಾತನಾಡುವ ಆಪ್ತರಲ್ಲೊಬ್ಬರು ಜಗಳದ ನಡುವೆ ‘-ಯೊ’ಗೆ ಹೊರಳಿದರೆ ಅದು ವಿನಯವಲ್ಲ, ದೂರ ಸರಿಯುವ ಸೂಚನೆ. ರೂಪ ಏರಿದೆ, ಸೌಜನ್ಯ ಇಳಿದಿದೆ.

ಅಕ್ಷಗಳ ಗಡಿಯೂ ಸ್ಥಿರವಲ್ಲ. ಕಾಫಿ ಅಂಗಡಿಗಳಲ್ಲಿ ಕೇಳಿಬರುವ ‘ಕೊಪಿ ನಾಒಶೊತ್ಸುಮ್‌ನಿದ’ (ಕಾಫಿ ದಯಮಾಡಿಸಿದೆ) ಎಂಬಲ್ಲಿ ‘-ಶಿ-’ ಕಾಫಿಗೆ ಸಂದಿದೆ. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ ಇದನ್ನು ತಪ್ಪು ಪ್ರಯೋಗವೆಂದಿದೆ. ಆದರೆ ಗೌರವಾರ್ಹರ ಕೈ, ಕಣ್ಣು, ಮಾತುಗಳಿಗೆ ‘-ಶಿ-’ ಹಚ್ಚುವ ಪರೋಕ್ಷ ಗೌರವವನ್ನು ವ್ಯಾಕರಣವೇ ಒಪ್ಪಿದೆ. ಸೇವಕರ ಮಾತು ಅದನ್ನು ಗ್ರಾಹಕರ ಕಾಫಿಗೂ ವಿಸ್ತರಿಸಿದೆ: ಕರ್ತೃವಿನ ಪ್ರತ್ಯಯ ಕೇಳುಗರತ್ತ ಚಲಿಸುತ್ತಿದೆ. ಏಣಿಯ ಮಾದರಿ ಇದನ್ನು ದೋಷವೆಂದಷ್ಟೇ ಗುರುತಿಸಬಲ್ಲದು. ಎರಡು ಅಕ್ಷಗಳ ಮಾದರಿ ಇದರ ದಿಕ್ಕನ್ನೂ ತೋರಿಸುತ್ತದೆ.

ವ್ಯಾಕರಣ ರೂಪವನ್ನು ಒದಗಿಸುತ್ತದೆ, ವಿನಯವನ್ನಲ್ಲ. ಇವೆರಡನ್ನೂ ಪ್ರತ್ಯೇಕಿಸದ ವಿವರಣೆಯಿಂದ ಕಲಿತವರು ಶುದ್ಧವಾಗಿ ಮಾತನಾಡಿಯೂ ಒರಟರೆನಿಸಿಕೊಳ್ಳಬಹುದು.