ಊರವರು ತುಂಬಿದ ನಕ್ಷೆ

2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು. ಹಾಸನದ ಹತ್ತಿರದ ಮೊಸಳೆಯಲ್ಲಿ ಅಕ್ಕಪಕ್ಕ ನಿಂತಿರುವ ನಾಗೇಶ್ವರ, ಚೆನ್ನಕೇಶವ ಗುಡಿಗಳು ಅದರಲ್ಲಿಲ್ಲ. ಆದರೂ ದೂರದೂರಿನವರು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ಮೊದಲು ಬಂದುಹೋದವರು ಗೂಗಲ್ ಮ್ಯಾಪ್ಸ್‌ಗೆ ಹಾಕಿದ ಫೋಟೊಗಳು, ದಾರಿಯ ಬಗ್ಗೆ ಬರೆದ ನಾಲ್ಕು ಮಾತು ಅವರಿಗೆ ನೆರವಾಗುತ್ತವೆ. ಅದು ಸಂಬಳಕ್ಕೆ ಮಾಡಿದ ಕೆಲಸವಲ್ಲ.

ಜನರ ಕೈಯಿಂದಲೇ ನಕ್ಷೆ ತುಂಬಿಸುವ ಉಪಾಯ ಗೂಗಲ್‌ನಲ್ಲಿ ಬೆಳೆದದ್ದು ಬೆಂಗಳೂರಿನಲ್ಲಿ. ಲಲಿತೇಶ್ ಕಾಟ್ರಗಡ್ಡ ಮತ್ತು ಅಲ್ಲಿನ ಎಂಜಿನಿಯರುಗಳು ರೂಪಿಸಿದ ಮ್ಯಾಪ್ ಮೇಕರ್ 2008ರಲ್ಲಿ ಬಂತು. ಅದರಲ್ಲಿ ರಸ್ತೆ, ಕೆರೆ, ಶಾಲೆಗಳನ್ನು ಆಯಾ ಊರಿನವರೇ ಗುರುತಿಸಿದರು. ಸರ್ವೆಗೆ ಆಳು ಕಳಿಸುವ ಖರ್ಚಿಲ್ಲದೆ ಒಂದು ಕಂಪನಿ ಹಳ್ಳಿಹಳ್ಳಿಯನ್ನೂ ತಲುಪಿತು. ಈ ಲಾಭವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆರಿಗೆಗೆ ಹೊರಟ ಗಾಡಿಗೂ ಆ ನಕ್ಷೆ ದಾರಿ ತೋರಿಸಿದೆ. ಆದರೆ 2015ರಲ್ಲಿ ರಾವಲ್ಪಿಂಡಿ ಬಳಿ ಯಾರೋ ಆಪಲ್ ಲಾಂಛನದ ಮೇಲೆ ಆಂಡ್ರಾಯ್ಡ್ ಗೊಂಬೆ ಮೂತ್ರ ಹೊಯ್ಯುವಂತೆ ಬರೆದರು, ಅದು ನಕ್ಷೆಯಲ್ಲಿ ಪ್ರಕಟವೂ ಆಯಿತು. ತಿದ್ದುವ ಸೌಲಭ್ಯವನ್ನೇ ಕೆಲವು ತಿಂಗಳು ನಿಲ್ಲಿಸಬೇಕಾಯಿತು. 2017ರಲ್ಲಿ ಮ್ಯಾಪ್ ಮೇಕರ್ ಮುಚ್ಚಿತು.

ಈಗ ಆ ಕೆಲಸ ಲೋಕಲ್ ಗೈಡ್ಸ್ ಹೆಸರಿನಲ್ಲಿ ನಡೆಯುತ್ತದೆ. ಮಾಹಿತಿ ಕೊಡುವವರಿಗೆ ಸಿಗುವುದು ಪಾಯಿಂಟು, ಬ್ಯಾಡ್ಜು. ಕಂಪನಿಗೆ ಸಿಗುವುದೆಷ್ಟು ಎಂಬುದರ ಸುಳಿವು 2024ರ ಜುಲೈಯಲ್ಲಿ ಹೊರಬಿತ್ತು. ಗೂಗಲ್ ಮ್ಯಾಪ್ಸ್ ಬಿಟ್ಟು ತಮ್ಮದೇ ನಕ್ಷೆಗೆ ಬಂದಾಗ ಟ್ಯಾಕ್ಸಿ ಕಂಪನಿ ಓಲಾದ ಭವೀಶ್ ಅಗರ್‌ವಾಲ್, ಗೂಗಲ್‌ನ ನಕ್ಷೆಗೆ ವರ್ಷಕ್ಕೆ 100 ಕೋಟಿ ರೂಪಾಯಿ ಖರ್ಚಾಗುತ್ತಿತ್ತು ಎಂದರು. ಅದೇ ತಿಂಗಳು ಗೂಗಲ್, ತನ್ನ ನಕ್ಷೆಯನ್ನು ಆ್ಯಪ್‌ಗಳಲ್ಲಿ ಬಳಸುವ ಭಾರತದ ಡೆವಲಪರುಗಳಿಗೆ ದರವನ್ನು ಶೇ. 70ರವರೆಗೆ ಇಳಿಸುವುದಾಗಿ ಪ್ರಕಟಿಸಿತು. ಪೈಪೋಟಿ ಬಂದ ಕೂಡಲೇ ಅಷ್ಟು ಇಳಿಸಬಹುದಾದ ದರದ ಹಿಂದೆ ಜನ ಬಿಟ್ಟಿಯಾಗಿ ಕೊಟ್ಟ ದುಡಿಮೆಯೂ ಇದೆ ಎಂಬುದನ್ನು ಮರೆಯಲಾಗದು.

ಇನ್ನು ನಕ್ಷೆಯಲ್ಲಿ ರಿವ್ಯೂ ಬರೆಯುವವರು ಕೊಡುವ ಸ್ಟಾರುಗಳ ವಿಚಾರ. ಹೊಳೆನರಸೀಪುರದ ದಾರಿಯ ಒಂದು ಸಣ್ಣ ಹೋಟೆಲಿಗೆ ಯಾರೋ ಹಗೆಯಿಂದ ಒಂದೇ ಸ್ಟಾರು ಕೊಟ್ಟರೆ ಅದರ ಮಾಲೀಕ ಯಾರ ಬಳಿ ಹೋಗಿ ಕೇಳಬೇಕು? 2023ರಲ್ಲಿ 17 ಕೋಟಿಗೂ ಹೆಚ್ಚು ನಿಯಮಬಾಹಿರ ರಿವ್ಯೂಗಳನ್ನು ತಡೆದೆವು ಅಥವಾ ತೆಗೆದೆವು ಎಂದು ಗೂಗಲ್ ಹೇಳಿದೆ. ಆ ಸಂಖ್ಯೆ ನನಗೆ ಸಮಾಧಾನಕ್ಕಿಂತ ಆತಂಕವನ್ನೇ ಹೆಚ್ಚು ತರುತ್ತದೆ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನಕ ತಂದಿತು; ಅದನ್ನು ಪಾಲಿಸುವುದನ್ನು ಕಂಪನಿಗಳ ಇಚ್ಛೆಗೇ ಬಿಟ್ಟಿತು. ಇಲ್ಲಿ ಸರ್ಕಾರ ಹಿಡಿತ ಸಡಿಲ ಬಿಟ್ಟಿದ್ದು ತಪ್ಪು.

ಇದಕ್ಕಿಂತ ದೊಡ್ಡ ಕೊರತೆ ಹಕ್ಕಿನದು. ನಮ್ಮ ಊರಿನ ಬಗ್ಗೆ ನಾವೇ ತುಂಬಿದ ಮಾಹಿತಿಯನ್ನು ಗೂಗಲ್‌ನಿಂದ ಒಟ್ಟಾಗಿ ಇಳಿಸಿಕೊಂಡು ಪಂಚಾಯಿತಿಯ ಕೆಲಸಕ್ಕೆ ಬಳಸಲು ಅದರ ನಿಯಮ ಬಿಡುವುದಿಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ ಜನರೇ ತುಂಬುವ ನಕ್ಷೆ. ಮೂಲವನ್ನು ಹೆಸರಿಸಿ, ಪರವಾನಗಿಯ ಷರತ್ತಿಗೆ ಒಪ್ಪಿದರೆ ಅದನ್ನು ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ. ಅಂಗಡಿ, ಫೋಟೊ, ರಿವ್ಯೂಗಳಲ್ಲಿ ಅದು ಗೂಗಲ್‌ಗೆ ಸಾಟಿಯಲ್ಲ, ನಿಜ. ಆದರೂ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜು ಹುಡುಗ ಹುಡುಗಿಯರು ರಜೆಯಲ್ಲಿ ತಮ್ಮೂರಿನ ಕಾಲುದಾರಿ, ಕೆರೆ ಏರಿ, ಆರೋಗ್ಯ ಉಪಕೇಂದ್ರಗಳನ್ನು ಗುರುತಿಸುವುದಾದರೆ, ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸಲಿ.