ಎಸ್.ಎಂ. ಪಂಡಿತರ ದೇವರುಗಳ ಮೈಕಟ್ಟು

ಮಹಾರಾಷ್ಟ್ರದ ದಾಳಿಂಬದಿಂದ ಉಮರ್ಗಾ, ಆಳಂದ ದಾಟಿ ಕಲಬುರಗಿ ಮುಟ್ಟುವವರೆಗೆ ಯಾವ ಊರಿನ ಯಾವ ಮನೆ ಹೊಕ್ಕರೂ ದೇವರ ಜಗಲಿಯ ಮೇಲೆ ಕಟ್ಟು ಹಾಕಿಸಿದ ಒಂದಾದರೂ ಫೋಟೋ ಇರುತ್ತದೆ. ನಾವು ಅದನ್ನು ಫೋಟೋ ಎಂದೇ ಕರೆಯುತ್ತೇವೆ. ದೇವರನ್ನು ಯಾರೋ ಎದುರು ನಿಲ್ಲಿಸಿ ತೆಗೆದದ್ದೇನೋ ಎಂಬಷ್ಟು ನಂಬಿಕೆ ಆ ಮಾತಿನಲ್ಲಿದೆ. ಆ ನಂಬಿಕೆಯನ್ನು ಇಡೀ ದೇಶದಲ್ಲಿ ಬೇರೂರಿಸಿದವರಲ್ಲಿ ಕಲಬುರಗಿಯ ಎಸ್.ಎಂ. ಪಂಡಿತರೂ ಒಬ್ಬರು. 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಈ ಸಾಂಬಾನಂದ ಮೋನಪ್ಪ ಪಂಡಿತರನ್ನು ಮಹಾನಗರಗಳ ಕಲಾವಿಮರ್ಶೆ ‘ಕ್ಯಾಲೆಂಡರ್ ಕಲಾವಿದ’ ಎಂದು ಬದಿಗಿಟ್ಟಿತು. ಸ್ವಂತ ಊರು ಅವರ ಹೆಸರನ್ನು ರಂಗಮಂದಿರಕ್ಕೆ ಇಟ್ಟು ಸಮಾಧಾನಪಟ್ಟುಕೊಂಡಿತು. ಎರಡೂ ಕಡೆ ಚಿತ್ರ ನೋಡುವ ಕೆಲಸ ಮಾತ್ರ ನಿಂತುಹೋಗಿದೆ. ಶಿಲ್ಪ, ಪುರಾಣ, ಶಕ್ತಿಯ ಉಪಾಸನೆ ಈ ಮೂರೂ ಒಬ್ಬ ಕಲಾವಿದನ ಕೈಯಲ್ಲಿ ಕೂಡಿ ಬಂದದ್ದು ನಮ್ಮ ಸೀಮೆಯಲ್ಲಿ ಇವರಲ್ಲೇ. ಅವು ಎಲ್ಲಿ ಒಂದಾದವು, ಎಲ್ಲಿ ಒಂದಾಗಲಿಲ್ಲ ಎಂದು ಕೇಳದೆ ಅವರನ್ನು ಹೊಗಳುವುದೂ ತೆಗಳುವುದೂ ವ್ಯರ್ಥ.

ಮದ್ರಾಸಿನ ಕಲಾಶಾಲೆ, ಆಮೇಲೆ ಮುಂಬೈಯಲ್ಲಿ ದಂಡಾವತಿಮಠ ಅವರ ನೂತನ ಕಲಾಮಂದಿರ, ಜೆ.ಜೆ. ಕಲಾಶಾಲೆ: ಇದು ಅವರು ಕಲಿತ ದಾರಿ. ಅನ್ನ ಕೊಟ್ಟದ್ದು ಸಿನಿಮಾ. 1938ರಲ್ಲಿ ತೆರೆದ ಮುಂಬೈಯ ಮೆಟ್ರೋ ಚಿತ್ರಮಂದಿರಕ್ಕೆ ಹಾಲಿವುಡ್ ಚಿತ್ರಗಳ ಪ್ರಚಾರಫಲಕಗಳನ್ನು ಬರೆದರು, ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು. ನಂತರ ಕ್ಯಾಲೆಂಡರುಗಳ ಕಾಲ. ರಾಧಾಕೃಷ್ಣ, ನಳ ದಮಯಂತಿ, ವಿಶ್ವಾಮಿತ್ರ ಮೇನಕೆ, ಶಕುಂತಲೆ ಮನೆಮನೆಗೆ ಹೋದದ್ದು ಆಗ.

ಅವರ ಕಾಲದ ಕಲಾಶಾಲೆಯಲ್ಲಿ ‘ಶಾಸ್ತ್ರೀಯ ಶಿಲ್ಪ’ ಎಂದರೆ ಗ್ರೀಕ್, ರೋಮನ್ ವಿಗ್ರಹಗಳ ಪ್ಲಾಸ್ಟರ್ ಅಚ್ಚು. ಬಿಳಿ ಪ್ಲಾಸ್ಟರಿನ ಮೈಮೇಲೆ ಒಂದೇ ಕಡೆಯಿಂದ ಬೆಳಕು ಬಿದ್ದಾಗ ಎಲ್ಲಿ ನೆರಳು ಕೂಡುತ್ತದೆ, ಯಾವ ಸ್ನಾಯು ಎಲ್ಲಿ ಉಬ್ಬುತ್ತದೆ ಎಂದು ಇದ್ದಿಲಿನಲ್ಲಿ ತಿದ್ದಿ ತಿದ್ದಿ ಕೈ ಪಳಗಿಸುವುದು ಆ ಶಿಕ್ಷಣದ ಮೊದಲ ಪಾಠ. ಪಂಡಿತರ ಪುರುಷದೇವತೆಗಳ ತೋಳು, ಎದೆ, ತೊಡೆಗಳಲ್ಲಿ ಆ ಪಾಠ ಕೊನೆಯವರೆಗೂ ಉಳಿಯಿತು. ಇದನ್ನು ದೋಷವೆಂದು ಒಂದೇ ಉಸಿರಿಗೆ ಹೇಳಿಬಿಡುವುದು ಅನ್ಯಾಯ. ಭೀಮ ಜರಾಸಂಧರ ಮಲ್ಲಯುದ್ಧದಂಥ ವಸ್ತುವಿಗೆ ಈ ಕಲಿಕೆಯೇ ಬೇಕು. ಒಂದು ಮೈ ಇನ್ನೊಂದು ಮೈಯ ಭಾರವನ್ನು ಹೊತ್ತು ತಿರುಚಿಕೊಳ್ಳುವಾಗ ಪಕ್ಕೆಲುಬಿನ ಕೆಳಗಿನ ಮಾಂಸ ಏನಾಗುತ್ತದೆ ಎಂಬುದು ಗೊತ್ತಿರದ ಕೈ ಅದನ್ನು ಬರೆಯಲಾರದು. ನಮ್ಮ ಕಡೆಯ ಗರಡಿಮನೆಯ ಮಣ್ಣು ಕಂಡವರಿಗೆ ಆ ಬಲದ ಸತ್ಯ ತಟ್ಟನೆ ತಿಳಿಯುತ್ತದೆ. ರವಿವರ್ಮನ ಭೀಷ್ಮ ರೇಷ್ಮೆಯ ಕೆಳಗೆ ಮೈಯನ್ನು ಬಚ್ಚಿಟ್ಟುಕೊಂಡವನು. ಪಂಡಿತರು ಪುರಾಣಕ್ಕೆ ಮೈ ಕೊಟ್ಟರು. ಇದು ಸಣ್ಣ ಸಾಧನೆಯಲ್ಲ.

ಆದರೆ ಇನ್ನೊಂದು ಶಾಸ್ತ್ರೀಯ ಶಿಲ್ಪ ಅವರ ಊರಿನ ಸುತ್ತಲೇ ಇತ್ತು. ಇಂದು ಕರ್ನಾಟಕ ಮಹಾರಾಷ್ಟ್ರಗಳ ಗಡಿ ಎನ್ನುವುದು ಆಗ ಗಡಿಯಾಗಿರಲಿಲ್ಲ. 1956ರವರೆಗೆ ಕಲಬುರಗಿ, ಬೀದರ, ಉಸ್ಮಾನಾಬಾದು ಮೂರೂ ಒಂದೇ ಹೈದರಾಬಾದ್ ರಾಜ್ಯದವು. ನಿಲಂಗಾ, ಉದಗೀರ ಬೀದರ ಜಿಲ್ಲೆಯೊಳಗೇ ಇದ್ದವು. ಅದಕ್ಕೂ ಹಿಂದೆ ಈ ನೆಲವೆಲ್ಲ ಕಲ್ಯಾಣದ ಚಾಲುಕ್ಯರ ಅಂಗಳ. ಉಮರ್ಗಾದ ಹಳೆಯ ಮಹಾದೇವ ಗುಡಿ, ನಿಲಂಗಾದ ನೀಲಕಂಠೇಶ್ವರ, ಬಸವಕಲ್ಯಾಣದ ಹತ್ತಿರ ನಾರಾಯಣಪುರದ ಶಿವಾಲಯ, ಹುಮನಾಬಾದ ತಾಲೂಕಿನ ಜಲಸಂಗ್ವಿ ಎಲ್ಲವೂ ಒಂದೇ ಪರಂಪರೆಯ ಕೆಲಸ. ಮರಾಠಿ ಫಲಕ ಇದ್ದಲ್ಲಿಯೂ ಕನ್ನಡ ಫಲಕ ಇದ್ದಲ್ಲಿಯೂ ಗೋಡೆಯ ಮೇಲಿನ ಹೆಣ್ಣುಗಳು ಅಕ್ಕತಂಗಿಯರ ಹಾಗೆ ಕಾಣುತ್ತಾರೆ.

ಜಲಸಂಗ್ವಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತ ನಿಂತವಳೊಬ್ಬಳಿದ್ದಾಳೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಆಕೆಯ ಕೈಯಿಂದಲೇ ಕಲ್ಲಿನಲ್ಲಿ ಬರೆಸಿದ್ದಾನೆ ಶಿಲ್ಪಿ. ಮೈಯನ್ನು ಹೊರಳಿಸಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಬರಹದ ಮೇಲೆಯೇ ಕಣ್ಣು ನೆಟ್ಟಿದ್ದಾಳೆ. ಆ ತೋಳಿನಲ್ಲಿ ಸ್ನಾಯು ಹುಡುಕಿದರೆ ಸಿಗದು. ಮೂಳೆಯ ಗಂಟೂ ಇಲ್ಲ. ಆದರೂ ಕೈ ಬರೆಯುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಚಾಲುಕ್ಯ ಶಿಲ್ಪಿ ಮೈಯನ್ನು ಮಾಂಸವಾಗಿ ಕಂಡವನಲ್ಲ. ಒಳಗೆ ಉಸಿರು ತುಂಬಿ ಬಿಗಿದ ತೊಗಲಿನಂತೆ ಕಂಡವನು. ಒಳಗಿನಿಂದ ಹೊರಗೆ ಒತ್ತುವ ಆ ಉಸಿರೇ ಅವನಿಗೆ ಬಲ, ಅದೇ ಚೆಲುವು. ಬೆಳಕಿನ ವಿಚಾರದಲ್ಲೂ ಅಷ್ಟೇ. ಬೆಳಗಿನ ಬಿಸಿಲು ಒಂದು ಅಂಚನ್ನು ಹಿಡಿದರೆ ಸಂಜೆಯ ಬಿಸಿಲು ಇನ್ನೊಂದನ್ನು ಹಿಡಿಯುತ್ತದೆ. ಮೂರ್ತಿ ಯಾವ ಬೆಳಕಿಗೂ ಒಡಂಬಟ್ಟು ನಿಂತಿರುತ್ತದೆ. ಪಂಡಿತರ ಚಿತ್ರದಲ್ಲಿ ಬೆಳಕು ಮೊದಲೇ ತೀರ್ಮಾನವಾಗಿರುತ್ತದೆ. ಬದಿಯಿಂದ ಬಿದ್ದು ಕೆನ್ನೆಯ ಅಂಚನ್ನು, ಹೆಗಲಿನ ದುಂಡನ್ನು ಹೊಳೆಯಿಸುವ ಅದು ಸ್ಟುಡಿಯೋದ ದೀಪ.

ಅದೇ ಕಾರಣಕ್ಕೆ ಅವರ ಹೆಣ್ಣುಗಳು ನನಗೆ ಅವರ ಗಂಡಸರಷ್ಟು ಒಪ್ಪಿಗೆಯಾಗುವುದಿಲ್ಲ. ಮೇನಕೆ, ದಮಯಂತಿ, ರಾಧೆಯರು ಆಭರಣದಲ್ಲಿ ಬೇರೆ, ಮುಖದಲ್ಲಿ ಒಬ್ಬರೇ. ಅರೆಮುಚ್ಚಿದ ರೆಪ್ಪೆ, ತುಸು ಬಿರಿದ ತುಟಿ, ಹಿಂದಕ್ಕೆ ವಾಲಿದ ಕತ್ತು ಬೆಳ್ಳಿತೆರೆಯ ನಾಯಕಿಯವು. ವಿಶ್ವಾಮಿತ್ರ ಮೇನಕೆಯರ ಕಥೆಯನ್ನೇ ತೆಗೆದುಕೊಳ್ಳಿ. 1894ರಲ್ಲಿ ರವಿವರ್ಮನ ಮುದ್ರಣಾಲಯ ಅಚ್ಚುಹಾಕಿದ ಮೊದಲ ಚಿತ್ರ ಶಕುಂತಲೆಯ ಜನನದ್ದು. ಅಲ್ಲಿ ಋಷಿ ಕೂಸಿನ ಕಡೆ ನೋಡಲೊಲ್ಲದೆ ಕೈ ಅಡ್ಡ ಹಿಡಿದು ಮುಖ ತಿರುಗಿಸುತ್ತಾನೆ. ಚಿತ್ರ ನಾಟಕದ ಭಂಗಿಯದೇ ಇರಬಹುದು, ಆದರೆ ಅದು ಕಥೆ ತಿರುಗಿ ಬೀಳುವ ಗಳಿಗೆಯನ್ನು ಹಿಡಿದಿದೆ. ತಪ್ಪು, ನಾಚಿಕೆ, ಕೈಬಿಟ್ಟ ಮಗು ಎಲ್ಲ ಅಲ್ಲಿವೆ. ಪಂಡಿತರಿಗೆ ಬೇಕಾದದ್ದು ಮೋಹದ ಗಳಿಗೆ. ತಪಸ್ಸು ಮುರಿಯುವುದನ್ನು ಅವರು ಸೊಗಸಾಗಿ ಬರೆದರು. ಮುರಿದ ಮೇಲೆ ಮನುಷ್ಯನಿಗೆ ಏನಾಗುತ್ತದೆ ಎಂಬುದರ ಹತ್ತಿರ ಹೋಗಲಿಲ್ಲ. ಪುರಾಣದಲ್ಲಿ ಮೋಹಕ್ಕೆ ಬೆಲೆ ತೆರಬೇಕು. ಕ್ಯಾಲೆಂಡರಿನಲ್ಲಿ ಮೋಹ ಹನ್ನೆರಡು ತಿಂಗಳೂ ಹಾಗೆಯೇ ನಿಂತಿರುತ್ತದೆ.

ಇಲ್ಲಿ ಅವರ ಪರವಾಗಿ ಒಂದು ಮಾತು ಹೇಳಬೇಕು. ನಾವು ಕಂಡ ಪಂಡಿತರು ಬಹುಪಾಲು ಅಚ್ಚಿನ ಪಂಡಿತರು. ಎಣ್ಣೆಬಣ್ಣದಲ್ಲೂ ಪೋಸ್ಟರ್ ಬಣ್ಣದಲ್ಲೂ ಸಮಾನ ಹಿಡಿತವಿದ್ದವರ ಕೆಲಸ ಅಗ್ಗದ ಕಾಗದದ ಮೇಲೆ ನಾಲ್ಕು ಬಣ್ಣಗಳ ಚುಕ್ಕೆಯಾಗಿ ಒಡೆದು ನಮ್ಮ ಗೋಡೆಗೆ ಬಂತು. ಊದಿನಕಡ್ಡಿಯ ಹೊಗೆ, ಅಡುಗೆಮನೆಯ ಜಿಡ್ಡು ಅದರ ಮೇಲೆ ಕೂತವು. ಇಷ್ಟಾದರೂ ಅಂಗಳದಿಂದ ಒಳಗೆ ನೋಡಿದರೆ ದೇವರು ಗುರುತು ಸಿಗುತ್ತಾನೆ. ಬೆಳಕು ಕತ್ತಲೆಯನ್ನು ಅಷ್ಟು ಜೋರಾಗಿ ಬೇರ್ಪಡಿಸಿದ ಕೈಗೆ ಅಚ್ಚಿನಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬ ಪಕ್ಕಾ ಅಂದಾಜಿತ್ತು. ಸಿನಿಮಾ ಫಲಕ ಬರೆದ ವರ್ಷಗಳು ದಂಡವಾಗಲಿಲ್ಲ.

ಪಂಡಿತರು ಕಾಳಿಯ ಉಪಾಸಕರಾಗಿದ್ದರು. ಈ ಸಂಗತಿಯನ್ನು ಅವರ ಬಗ್ಗೆ ಬರೆಯುವವರು ಭಕ್ತಿಯ ಒಂದು ವಿವರವೆಂದು ದಾಟಿಹೋಗುತ್ತಾರೆ. ನನ್ನ ಮಟ್ಟಿಗೆ ಅವರ ಕಲೆಯ ಕಷ್ಟದ ಪ್ರಶ್ನೆ ಇಲ್ಲಿಯೇ ಇದೆ. 1960ರ ದಶಕದಲ್ಲಿ ಭಾರತದ ಕೆಲವು ಆಧುನಿಕ ಕಲಾವಿದರು ತಂತ್ರದ ಕಡೆ ತಿರುಗಿದರು. ತಂತ್ರಕಲೆಯ ಬಗ್ಗೆ ಅಜಿತ್ ಮುಖರ್ಜಿಯವರು ಬರೆದ ಪುಸ್ತಕ ಯಂತ್ರ, ಬಿಂದು, ತ್ರಿಕೋನಗಳನ್ನು ಕಲಾಲೋಕದ ಕಣ್ಣೆದುರು ಇಟ್ಟಿತು. ಬಿರೇನ್ ದೇ, ಜಿ.ಆರ್. ಸಂತೋಷ್ ಮುಂತಾದವರು ಆ ಆಕಾರಗಳನ್ನು ಕ್ಯಾನ್ವಾಸಿಗೆ ತಂದರು. ನಿತ್ಯದ ಪೂಜೆಯಲ್ಲಿ ದೇವಿಯನ್ನು ಆರಾಧಿಸುತ್ತಿದ್ದ ಪಂಡಿತರು ಮಾತ್ರ ಮಾಂಸದ ಮೈ ಬಿಟ್ಟು ಕದಲಲಿಲ್ಲ. ಗುಟ್ಟಾದದ್ದು ದೇವರ ಕೋಣೆಯಲ್ಲಿರಲಿ, ಜನಕ್ಕೆ ಕಾಣುವ ರೂಪವನ್ನು ಕೊಡೋಣ ಎಂಬ ವಿಭಜನೆ ಅದರಲ್ಲಿ ಕಾಣುತ್ತದೆ. ಉಪಾಸಕನಾಗಿ ಅದು ಸರಿ. ಗುರುವಿನಿಂದ ಬಂದದ್ದನ್ನು ಬಜಾರಿಗೆ ಇಡದ ಸಂಯಮವನ್ನು ನಾನು ಗೌರವಿಸುತ್ತೇನೆ. ಕಲಾವಿದನಾಗಿ ಅವರು ಅದರಿಂದ ಕಳೆದುಕೊಂಡದ್ದೂ ಇದೆ.

ಏಕೆಂದರೆ ಕಾಳಿಯ ಧ್ಯಾನರೂಪ ಚೆಲುವಿನ ನಿಯಮವನ್ನೇ ಒಡೆಯುವಂಥದ್ದು. ಬಿಚ್ಚಿದ ಕೂದಲು, ರುಂಡಮಾಲೆ, ಎಡಗೈಗಳಲ್ಲಿ ಖಡ್ಗ ಮತ್ತು ಕಡಿದ ತಲೆ, ಬಲಗೈಗಳಲ್ಲಿ ಅಭಯ ಮತ್ತು ವರ. ಕೊಲ್ಲುವ ಕೈಯೂ ಕಾಯುವ ಕೈಯೂ ಒಂದೇ ಮೈಯವು. ನಮ್ಮ ಹಳೆಯ ಶಿಲ್ಪಿಗಳು ಚಾಮುಂಡೆಯನ್ನು ಕಡೆಯುವಾಗ ಈ ಧೈರ್ಯ ತೋರಿಸಿದರು. ಮದನಿಕೆಯನ್ನು ಅಷ್ಟು ತುಂಬಿ ಕಡೆದ ಪರಂಪರೆಯೇ ಚಾಮುಂಡೆಯ ಹೊಟ್ಟೆಯನ್ನು ಗುಳಿಬೀಳಿಸಿ, ಪಕ್ಕೆಲುಬು ಎಣಿಸುವಂತೆ ಮಾಡಿ, ಎದೆ ಬತ್ತಿಸಿ ಕೂರಿಸಿತು. ಉಸಿರು ತುಂಬಿದ ಮೈಯನ್ನು ಬಲ್ಲವನಿಗೆ ಮಾತ್ರ ಉಸಿರು ಬರಿದಾದ ಮೈಯೂ ತಿಳಿಯುತ್ತದೆ. ಪಂಡಿತರ ದೇವಿ ಉಗ್ರಳಾದಾಗಲೂ ಆರೋಗ್ಯವಂತೆ. ಕಣ್ಣಿನಲ್ಲಿ ಕಿಡಿ ಇದೆ, ಮೈಯಲ್ಲಿ ಭಯವಿಲ್ಲ. ಸಾವನ್ನು ತೋರಿಸಬೇಕಾದಲ್ಲಿ ಅವರ ಕುಂಚ ಬಲವನ್ನು ತೋರಿಸುತ್ತದೆ.

ಆದರೆ ಆ ಕಣ್ಣಿನ ಬಗ್ಗೆ ಇನ್ನಷ್ಟು ಹೇಳದೆ ಹೋಗಲಾಗದು. ದಾಳಿಂಬದ ದಾರಿಯಲ್ಲೇ ತುಳಜಾಪುರಕ್ಕೆ ನಡೆದುಹೋಗುವ ಜನ ಅಂಬಾಭವಾನಿಯ ಗರ್ಭಗುಡಿಯಲ್ಲಿ ನೋಡುವುದು ಸೀರೆ, ಒಡವೆ, ಹೂವಿನ ನಡುವಿನ ಮುಖವನ್ನು, ಅದರಲ್ಲೂ ಕಣ್ಣನ್ನು. ಒಳಗೆ ಇರುವುದು ಎಂಟು ಕೈಯ ಮಹಿಷಮರ್ದಿನಿಯ ಶಿಲೆ, ಆದರೆ ಭಕ್ತರಿಗೆ ಅದರ ಮೈಕಟ್ಟು ಕಾಣುವುದೇ ಇಲ್ಲ. ನೋಡುವುದು, ನೋಡಿಸಿಕೊಳ್ಳುವುದು, ಅಷ್ಟೇ ಅಲ್ಲಿ ನಡೆಯುವ ವ್ಯವಹಾರ. ಪಂಡಿತರ ಉಪಾಸನೆ ಚಿತ್ರಕ್ಕೆ ಇಳಿದದ್ದು ಈ ಒಂದು ದಾರಿಯಿಂದ ಎಂದು ನನಗೆ ಅನಿಸುತ್ತದೆ. ಪ್ರೇಮಕಥೆಯ ಹೆಣ್ಣುಗಳ ಕಣ್ಣು ನಮ್ಮನ್ನು ನೋಡುವುದಿಲ್ಲ. ದೇವಿಯ ಕಣ್ಣು ನೇರ ಇರುತ್ತದೆ, ಅಲ್ಲಿ ಸಿನಿಮಾದ ನೆರಳೂ ಇಲ್ಲ. ಪೂಜೆಗೆ ಇಟ್ಟವರು ಅವರ ಮೇನಕೆಯನ್ನು ಇಡಲಿಲ್ಲ, ದೇವಿಯನ್ನು ಇಟ್ಟರು. ಜನರ ಈ ಆಯ್ಕೆ ವಿಮರ್ಶೆಗಿಂತ ಚುರುಕಾಗಿದೆ.

ಕನ್ಯಾಕುಮಾರಿಗಾಗಿ ಅವರು ಬರೆದ ಸ್ವಾಮಿ ವಿವೇಕಾನಂದರ ಭಾವಚಿತ್ರವನ್ನು ನಾನು ಅವರ ಎಲ್ಲ ಪೌರಾಣಿಕ ಚಿತ್ರಗಳಿಗಿಂತ ಮೇಲೆ ಇಡುತ್ತೇನೆ. ವಿವೇಕಾನಂದರು ದಕ್ಷಿಣೇಶ್ವರದ ಕಾಳಿಯ ಪೂಜಾರಿಯ ಶಿಷ್ಯರು. ಬರೆಯುವವನ ದೇವತೆಯೇ ಬರೆಸಿಕೊಂಡವನ ಗುರುವಿನ ದೇವತೆ. ಇಲ್ಲಿ ಪಂಡಿತರು ದೇವರಿಗೆ ಮೈ ಹುಡುಕಬೇಕಾಗಿರಲಿಲ್ಲ. ಫೋಟೋಗಳು ಎದುರಿಗಿದ್ದವು, ಮುಖ ದೇಶಕ್ಕೆಲ್ಲ ಗೊತ್ತಿತ್ತು. ಪ್ಲಾಸ್ಟರ್ ಅಚ್ಚಿನಿಂದ ಕಲಿತ ಅಂಗಶಾಸ್ತ್ರ ಕಾವಿಯ ಕೆಳಗೆ ಸುಮ್ಮನೆ ತನ್ನ ಕೆಲಸ ಮಾಡುತ್ತದೆ, ಎದ್ದು ತೋರುವುದಿಲ್ಲ. ಉಪಾಸಕನಿಗೆ ಗೊತ್ತಿದ್ದದ್ದೆಲ್ಲ ಕಣ್ಣಿಗೆ ಹೋಗಿದೆ. ಕಲಬುರಗಿಯ ಮಕ್ಕಳಿಗೆ ಪಂಡಿತರನ್ನು ಪರಿಚಯಿಸುವವರು ರಾಧಾಕೃಷ್ಣರಿಂದ ಶುರುಮಾಡುವುದನ್ನು ಬಿಟ್ಟು ಈ ಚಿತ್ರದಿಂದ ಶುರುಮಾಡಲಿ. ಹಾಗೆಯೇ ಬಸ್ಸು ಹತ್ತಿಸಿ ಒಮ್ಮೆ ಜಲಸಂಗ್ವಿಗೂ ನಿಲಂಗಾಕ್ಕೂ ಕರೆದುಕೊಂಡು ಹೋಗಲಿ. ಎರಡನ್ನೂ ಕಂಡ ಹುಡುಗರಲ್ಲಿ ಯಾರಾದರೂ ಪಂಡಿತರು ಬಿಟ್ಟುಹೋದ ಚಾಮುಂಡೆಯನ್ನು ಬರೆಯಲು ಕೂತಾರು.